ಸದ್ದಡಗದ ಫೋನು

ಹೊಲಿಗೆ ಕಾರ್ಖಾನೆಯ ಹಿಂಬಾಗಿಲಿಗೆ ಬಿಗಿದಿದ್ದ ಸರಪಳಿ, ಬೀಗದ ಮುಂದೆ ಟೈಲರಮ್ಮ ಫೋನು ಹಿಡಿದು ನಿಂತಳು. ಬೆಂಕಿ ಬಿದ್ದರೆ ಓಡಿಹೋಗಲೆಂದು ಇಟ್ಟ ಬಾಗಿಲು ಅದು. ಹೋದ ವಾರ ಇಸ್ತ್ರಿ ಮೇಜಿನಿಂದ ಹೊಗೆಯೆದ್ದಾಗ ನಲವತ್ತು ಹೆಂಗಸರು ಓಡಿಬಂದು ಈ ಬೀಗವನ್ನೇ ಗುದ್ದಿದ್ದರು. ಫೋಟೊ ಇಲ್ಲದೆ ದೂರು ತೆಗೆದುಕೊಳ್ಳುವುದಿಲ್ಲವೆಂದು ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಕಡ್ಡಿ ಮುರಿದಂತೆ ಹೇಳಿದ್ದ.

ಊಟದ ಹೊತ್ತು. ಮಿಷನ್ನುಗಳೆಲ್ಲ ನಿಂತಿದ್ದವು. ಬಟ್ಟೆ ರಾಶಿಯ ಆಚೆ ಸೂಪರ್‌ವೈಸರ್ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಅವಳು ಫೋನನ್ನು ಸೈಲೆಂಟ್ ಮಾಡಿ ಒತ್ತಿದಳು.

ಖಟಕ್!

ಪರದೇಶದಿಂದ ಈ ಫೋನು ತಂದುಕೊಟ್ಟಾಗ ನಾದಿನಿ ಹೇಳಿದ್ದು ಈಗ ನೆನಪಾಯಿತು: “ಲಾಕ್ ತೆಗೆಸಿದೀನಿ ಅತ್ತಿಗೆ, ಇಲ್ಲಿನ ಸಿಮ್ ನಡೆಯುತ್ತೆ. ಕ್ಯಾಮೆರಾ ಸದ್ದು ಮಾತ್ರ ಏನ್ಮಾಡಿದ್ರೂ ಹೋಗಲ್ಲ. ಹೆಂಗಸರ ಫೋಟೊ ಕದ್ದು ತೆಗೀಬಾರ್ದು ಅಂತ ಅಲ್ಲಿ ಕಂಪನಿಯವ್ರೇ ಹಾಗೆ ಮಾಡಿಟ್ಟಿದಾರೆ.”

ಹೆಂಗಸರನ್ನು ಕಾಯುವ ಸದ್ದಂತೆ! ಹಾಳಾಗಿ ಹೋಗಲಿ.

ಕುರ್ಚಿ ಕಿರುಗುಟ್ಟಿತು. “ಯಾರದು? ಏನದು ಸದ್ದು?”

“ನಾನೇ ಸಾರ್, ಕತ್ತರಿ ಬಿತ್ತು.”

“ಎತ್ಕೊಂಡು ಬೇಗ ಈಚೆ ಬಾ.”

ಅವಳು ಫೋಟೊ ನೋಡಿದಳು. ಕೈ ನಡುಗಿ, ಬೀಗವೆಲ್ಲ ಕದಡಿದ ಕಪ್ಪು ಮುದ್ದೆಯಾಗಿತ್ತು. ಇನ್ನೊಂದು ತೆಗೆಯಲೇಬೇಕು. ಆದರೆ ಒಂದೇ ಕತ್ತರಿ ಎರಡು ಸಲ ಬಿತ್ತೆಂದರೆ ಯಾರು ನಂಬುತ್ತಾರೆ?

ಸೂಪರ್‌ವೈಸರನ ಚಪ್ಪಲಿ ಸದ್ದು ಹತ್ತಿರವಾಗುತ್ತಿತ್ತು. ಅವಳು ಉಸಿರು ಬಿಗಿಹಿಡಿದು, ಈ ಸಲ ಕೈ ನಡುಗದಂತೆ, ಮತ್ತೆ ಒತ್ತಿದಳು.