ಹುಲಗೂರ ಬಸ್ಸಿನ ಪಾರ್ಟಿ

ಶಿಗ್ಗಾಂವಿ ಬಸ್ಸಿನ ಹುಡುಗರು ಎಂದಿನಂತೆ ತಡವಾಗಿ ಬಂದು ಕುಳಿತ ಮೇಲೆ, ಆಗಲೇ ಹಾಜರಿ ಮುಗಿಸಿದ್ದ ನುಜಹತ ಹೊಸ ಪಾಠ ಎತ್ತಿಕೊಂಡಳು. ಸವಣೂರಿನ ಕಾಲೇಜಿನಲ್ಲಿ ಅವಳು ಇತಿಹಾಸದ ಅತಿಥಿ ಉಪನ್ಯಾಸಕಿ. ಇವತ್ತಿನ ಪಾಠ, ಅಮೆರಿಕದಲ್ಲಿ ಪಕ್ಷಗಳು ಹುಟ್ಟಿದ ಬಗೆ. ಮೊದಲ ಅಧ್ಯಕ್ಷ ವಾಷಿಂಗ್ಟನ್ನನ ಮಂತ್ರಿಗಳಲ್ಲಿ ಕೇಂದ್ರ ಗಟ್ಟಿ ಇರಬೇಕೆಂದವನು ಹ್ಯಾಮಿಲ್ಟನ್, ರಾಜ್ಯಗಳ ಕೈಗೆ ಅಧಿಕಾರ ಬೇಕೆಂದವನು ಜೆಫರ್ಸನ್. ವಾದ ಮಾಡಿಸಿದರೆ ತಲೆಗೆ ಹತ್ತೀತು ಅನ್ನಿಸಿತು.

"ಹುಲಗೂರ ಬಸ್ಸಿನವರು ಹ್ಯಾಮಿಲ್ಟನ್ ಕಡೆ, ಶಿಗ್ಗಾಂವಿ ಬಸ್ಸಿನವರು ಜೆಫರ್ಸನ್ ಕಡೆ. ನಾ ವಾಷಿಂಗ್ಟನ್. ಯಾವ ಪಾರ್ಟಿನೂ ಅಲ್ಲ."

ಹುಲಗೂರ ಬಸ್ಸಿನ ಮುಸ್ತಾಕ ಎದ್ದ. "ಕೇಂದ್ರ ಗಟ್ಟಿ ಇರಬೇಕ್ರಿ. ಎಲ್ಲಾರಿಗೂ ಒಂದ ಬ್ಯಾಂಕು."

ಶಿಗ್ಗಾಂವಿ ಕಡೆಯಿಂದ ಎದ್ದ ಜಯಶ್ರೀ ಬ್ಯಾಂಕಿನ ಸುದ್ದಿಯನ್ನೇ ತೆಗೆಯಲಿಲ್ಲ. "ಮೇಡಂ, ನಮ್ಮ ಬಸ್ ಮುಟ್ಟೂದ ಒಂಬತ್ತೂವರಿಗೆ. ನಿಮ್ಮ ಕ್ಲಾಸು ಒಂಬತ್ತಕ್ಕ. ದಿನಾ ಗೈರು ಹಾಕತೀರಿ. ಹಾಜರಿ ಸಾಲದಿದ್ರ ನಮ್ಮನ್ನ ಪರೀಕ್ಷಾಕ್ಕ ಕೂಡಸೂದಿಲ್ಲ. ಮೂರಕ್ಕ ಇಡ್ರಿ."

"ಮೂರಕ್ಕಿಟ್ರ ನಮ್ಮ ಮೂರೂವರಿ ಬಸ್ಸು ನಿಮ್ಮಪ್ಪ ನಿಲ್ಲಸತಾನೇನ?" ಅಂದ ಮುಸ್ತಾಕ.

"ನಡಕೋತ ಹೋಗೋ ಹ್ಯಾಮಿಲ್ಟನ್, ಹೊಟ್ಟಿ ಕರಗತೈತಿ!" ಅಂದಳು ಜಯಶ್ರೀ.

ನಗೆ ಎದ್ದು ಹಾಗೇ ಆರಿತು. ಎರಡೂ ಕಡೆಯವರು ಈಗ ಅವಳನ್ನೇ ನೋಡುತ್ತಿದ್ದರು.

"ನನ್ನ ನಡಕ ಎಳೀಬ್ಯಾಡ್ರಿ. ವಾಷಿಂಗ್ಟನ್ ಪಾರ್ಟಿನ ಬ್ಯಾಡ ಅಂದಾವ."

"ಅಂದ್ರೂ ಹ್ಯಾಮಿಲ್ಟನ್ ಕಡೀಗೆ ವಾಲತಿದ್ದ ಅಂತ ನೀವ ಹೇಳೀರಿ," ಜಯಶ್ರೀ ಬಿಡಲಿಲ್ಲ. "ನೀವೂ ಹುಲಗೂರ ಬಸ್ಸಿನವ್ರ ಅಲ್ಲೇನ್ರಿ?"

ನುಜಹತಳ ಕಿವಿ ಬಿಸಿಯಾಯಿತು. ವರ್ಷದ ಮೊದಲಿಗೆ ಪ್ರಿನ್ಸಿಪಾಲರು ಯಾವ ಹೊತ್ತು ಬೇಕೆಂದು ಕೇಳಿದ್ದರು. ಸಂಜೆ ಅಂಗನವಾಡಿ ಬಿಟ್ಟ ಮೇಲೆ ತನಗಾಗಿ ಕಾಯುವ ಮಗಳು ಗೌಹರಳನ್ನು ನೆನೆದು, ಇವಳು ಒಂಬತ್ತು ಅಂದುಬಿಟ್ಟಿದ್ದಳು. ಹುಲಗೂರಿನ ಮೂರೂವರೆಯ ಬಸ್ಸು ಹೋದರೆ ಮುಂದಿನದು ಆರಕ್ಕೆ. ಶಿಗ್ಗಾಂವಿ ಬಸ್ಸು ಎಷ್ಟಕ್ಕೆ ಬರುತ್ತದೆಂದು ಒಬ್ಬರನ್ನೂ ಕೇಳಿರಲಿಲ್ಲ.

"ವಾರದಾಗ ಮೊದಲ ಮೂರು ದಿನ ಒಂಬತ್ತಕ್ಕ," ಅಂದಳು ಕೊನೆಗೆ. "ಗುರುವಾರದಿಂದ ಶನಿವಾರದ ತನಕ ಮೂರಕ್ಕ."

ಎರಡೂ ಕಡೆ ಗೊಣಗಾಟ. "ಮೇಡಂ ಪಾರ್ಟಿ ಬಿಟ್ರಪಾ," ಎಂದ ಮುಸ್ತಾಕ, ಎಲ್ಲರಿಗೂ ಕೇಳುವಂತೆ.

ಗುರುವಾರ, ಗೌಹರಳನ್ನು ನೋಡಿಕೊಳ್ಳಲು ಒಪ್ಪಿದ್ದ ಪಕ್ಕದ ಮನೆಯ ಮುಮ್ತಾಜಬೇಗಂ ಅವರಿಗೆ ಎರಡು ಸಲ ಫೋನು ಮಾಡಿಯೇ ಅವಳು ಕ್ಲಾಸಿಗೆ ಬಂದಳು. ಮೂರೂವರೆಗೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿತು. ಮುಸ್ತಾಕ ಕಿಟಕಿಯತ್ತ ನೋಡಿದ. ಅವಳೂ ನೋಡಿದಳು. ಬೋರ್ಡಿನ ಮೇಲೆ ಸೀಮೆಸುಣ್ಣ ನಿಂತಲ್ಲೇ ನಿಂತಿತು.

"ಎಲ್ಲಿಗೆ ಬಂದಿದ್ವಿ?"

"ಜೆಫರ್ಸನ್ ಮಂತ್ರಿಗಿರಿ ಬಿಟ್ಟಲ್ಲಿಗ್ರಿ," ಎಂದಳು ಜಯಶ್ರೀ. "ಮೇಡಂ, ಹಾಜರಿ ಇನ್ನೂ ತಗೊಂಡಿಲ್ರಿ. ಮೊದಲ ಅದನ್ನ ತಗೋರಿ."

ನುಜಹತ ಪುಸ್ತಕ ತೆರೆದು ಹೆಸರು ಕೂಗತೊಡಗಿದಳು. ಜಯಶ್ರೀ ಓಣಿಗೆಲ್ಲ ಕೇಳುವಂತೆ "ಹಾಜರ್!" ಅಂದಳು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಗುರುಗುಟ್ಟಿತು, ಪರದೆಯ ಮೇಲೆ ಮುಮ್ತಾಜಬೇಗಂ ಅವರ ಹೆಸರು. ನುಜಹತ ಅದನ್ನು ನೋಡುತ್ತಲೇ ಮುಂದಿನ ಹೆಸರು ಕೂಗಿದಳು.