ಒಳಗೆಳೆದ ಹೌದು

ಸ್ಕಾರ್ವೋಯ ದ್ವೀಪದವರು ‘ಹೌದು’ ಎಂಬ ಮಾತನ್ನು ಉಸಿರು ಬಿಟ್ಟು ಹೇಳುವುದಿಲ್ಲ, ಉಸಿರನ್ನು ಒಳಗೆಳೆದುಕೊಂಡು ಹೇಳುತ್ತಾರೆ. ಉತ್ತರ ನಾರ್ವೆಯಲ್ಲಿ ಇದು ಎಲ್ಲ ಕಡೆ ಇದ್ದದ್ದೇ. ಆದರೆ ಸ್ಕಾರ್ವೋಯದವರ ಎಳೆತವೇ ಬೇರೆ. ಮದುವೆಯ ದಿನ ಪಾದ್ರಿಯ ಪ್ರಶ್ನೆಗೆ ಬೋರ್ಗಿಲ್ ‘ಹೌದು’ ಎಂದಾಗ ಚರ್ಚಿನ ಹದಿನಾರು ಮೇಣದಬತ್ತಿಗಳು ಅವಳ ಕಡೆಗೇ ಬಾಗಿ ಆರಿಹೋದವು, ಪಾದ್ರಿಯ ಕನ್ನಡಕ ಮೂಗಿನ ತುದಿಗೆ ಜಾರಿತು. ಸುಳ್ಳೆನ್ನುವವರು ಬಂದು ಕನ್ನಡಕವನ್ನೇ ಕೇಳಬಹುದು.

ಈ ಬೋರ್ಗಿಲ್ ಮೂವತ್ತೊಂದು ವರ್ಷ ದ್ವೀಪದ ಪುಟ್ಟ ರೇಡಿಯೋದಲ್ಲಿ ಗುರುವಾರದ ಬಿಂಗೋ ನಡೆಸಿದಳು. ಜನ ಅಂಗಡಿಯಲ್ಲಿ ಚೀಟಿ ಕೊಂಡು, ಮನೆಯಲ್ಲಿ ಕೂತು, ಅವಳು ಕೂಗಿದ ಸಂಖ್ಯೆಗಳಿಗೆ ಗೀಟು ಹಾಕುತ್ತಿದ್ದರು. ಸಾಲು ತುಂಬಿದವರು ಫೋನ್ ಮಾಡುತ್ತಿದ್ದರು. ಈಗ ಆ ಮೈಕು ತಂಗಿಯ ಮಗಳು ಸೂಲ್ರುನ್‌ಗೆ ಸಿಗಬೇಕಿತ್ತು. ಐದು ವರ್ಷದವಳಿದ್ದಾಗಲೇ ಸೌಟು ಹಿಡಿದು ಕುರಿಗಳಿಗೆ ಬಿಂಗೋ ಕೂಗಿದವಳು ಅವಳು. ಬೇರೆ ಯಾವ ಆಸೆಯನ್ನೂ ಇಟ್ಟುಕೊಂಡವಳಲ್ಲ. ಆದರೆ ಓಸ್ಲೋದ ಬೇಕರಿಯಲ್ಲಿ ಕಳೆದ ಒಂಬತ್ತು ವರ್ಷ ಅವಳ ನಾಲಿಗೆಗೆ ಇಸ್ತ್ರಿ ಹೊಡೆದುಬಿಟ್ಟಿತ್ತು. ಸ್ಕಾರ್ವೋಯದಲ್ಲಿ ದೋಣಿ ಕದ್ದವನನ್ನು ಕ್ಷಮಿಸಿಯಾರು, ರಾಜಧಾನಿಯ ಬಾಯಿ ಹೊತ್ತು ಬಂದವರನ್ನಲ್ಲ. ರೇಡಿಯೋದವರು ಒಂದೇ ಒಂದು ಗುರುವಾರ ಕೊಟ್ಟರು: ಜನ ಒಪ್ಪದಿದ್ದರೆ ಮೈಕು ಬೇರೆಯವರಿಗೆ.

ವಾರವಿಡೀ ಬೋರ್ಗಿಲ್ ಪಾಠ ಮಾಡಿದಳು.

“ಎಳಿ ತಂಗಿ, ಉಸರು ಒಳಗ ಎಳಿ!”

“ಬರ್ತಾ ಇಲ್ಲ ದೊಡ್ಡಮ್ಮ… ಹಿಕ್!”

“ಬಿಸಿ ಸೂಪ್ ಹೀರಿದಂಗ ಮಾಡ್ತಿ. ಇದು ಬಾಯಿಂದ ಬರೂದಲ್ಲವಾ, ಎದಿಯಿಂದ ಬರೂದು.”

ಗುರುವಾರ ಸಂಜೆ ಆರಕ್ಕೆ ಸೂಲ್ರುನ್ ಮೈಕಿನ ಮುಂದೆ ಕೂತಳು. ಮೂರನೆಯ ಸಂಖ್ಯೆಗೇ ಫೋನ್ ಬಡಿದುಕೊಂಡಿತು. ಮುದಿ ಮೀನುಗಾರ ಹಾಗ್ಬಾರ್ತ್. ಮೂವತ್ತೊಂದು ವರ್ಷದಲ್ಲಿ ಒಂದು ಗುರುವಾರವೂ ತಪ್ಪಿಸದವನು, ಒಂದು ಸಲವೂ ಗೆಲ್ಲದವನು.

“ಯಾರವಾ ನೀ? ದಾರಿ ತಪ್ಪಿ ಬಂದೀಯೇನು?”

“ನಾನೇ ತಾತಾ, ಸೂಲ್ರುನ್.”

“ಖರೇನ ಸೂಲ್ರುನ್ ಏನು?”

“ಹೌದು.”

“ಊದಿದಿ! ಫೋನಿನ್ಯಾಗಿಂದ ಗಾಳಿ ಬಂದು ನನ್ನ ಟೊಪ್ಪಿಗಿ ಹಾರಿತು!”

ಆಮೇಲೆ ಸಂಖ್ಯೆಗೊಂದರಂತೆ ಹನ್ನೊಂದು ಫೋನ್ ಬಂದವು. ಒಬ್ಬಾಕೆಯಂತೂ, “ವಾಪಸ್ ಹೋಗಾಕ ಟಿಕೀಟ ತಗಸ್ಲೇನು?” ಎಂದಳು. ಪಕ್ಕದಲ್ಲೇ ಕೂತಿದ್ದ ಬೋರ್ಗಿಲ್ ತಲೆಯೆತ್ತದೆ ಕಾಫಿ ಕಲಕುತ್ತಲೇ ಇದ್ದಳು. ಲೋಟದಲ್ಲಿ ಕಾಫಿ ಇರಲೇ ಇಲ್ಲ. ಸೂಲ್ರುನ್ ಮುಖ ಕೆಂಪಗೆ ಮಾಡಿಕೊಂಡು ಸಂಖ್ಯೆ ಬರೆದ ಪುಟ್ಟ ಚೆಂಡುಗಳ ಡಬ್ಬ ತಿರುಗಿಸಿ ಇನ್ನೊಂದು ಚೆಂಡು ತೆಗೆದಳು. “ನಲವತ್ತೇಳು.”

ಮತ್ತೆ ಹಾಗ್ಬಾರ್ತ್.

“ಬಿಂ… ಬಿಂಗೋ ಅನಸ್ತೈತಿ.”

ಗೆದ್ದವರು ಸಂಖ್ಯೆ ಓದಬೇಕು, ಮೈಕಿನವರು ಒಂದೊಂದಕ್ಕೂ ಹೌದೆನ್ನಬೇಕು. ಆತ ಓದಿದ. ಸೂಲ್ರುನ್ ನಾಲ್ಕು ಸಲ ‘ಹೌದು’ ಊದಿದಳು.

“ಕಡೀದು ನಲವತ್ತೇಳು. ಕಣ್ಣು ಮಂಜವ್ವಾ, ನೀನ ನೋಡು. ಖರೇನ ಐತೇನು?”

ಕೈಯಲ್ಲಿದ್ದ ಚೆಂಡನ್ನು ಸೂಲ್ರುನ್ ಮುಖದ ಹತ್ತಿರ ಹಿಡಿದು ನೋಡಿದಳು. ನಲವತ್ತೇಳೇ! ಅವಳು ಕುರಿಗಳಿಗೆ ಬಿಂಗೋ ಕೂಗುತ್ತಿದ್ದಾಗ ಬೇಲಿಯ ಮೇಲೆ ಕೂತು ಗೀಟು ಹಾಕುತ್ತಿದ್ದವನು ಇದೇ ಹಾಗ್ಬಾರ್ತ್; ಆಗ ಕುರಿಗಳ ಎದುರೂ ಸೋತಿದ್ದ. ಅವನು ಗೆದ್ದನೇ! ಮೈಕು ಮರೆತುಹೋಯಿತು, ಪರೀಕ್ಷೆ ಮರೆತುಹೋಯಿತು. ‘ಹೌದು’ ತಾನಾಗಿಯೇ ಬಂತು, ಒಳಕ್ಕೆ!

ಕಿಟಕಿಯ ಪರದೆ ಒಳನುಗ್ಗಿತು. ತಟ್ಟೆಯ ದೋಸೆಯಂಥ ವಾಫೆಲ್ ಎದ್ದು ನಿಂತಿತು. ಹೊರಗೆ ಮೂರು ಕಡಲಹಕ್ಕಿಗಳು ಹಿಂದುಮುಂದಾಗಿ ಹಾರಿದವು. ನಲವತ್ತೇಳರ ಚೆಂಡು ಥಪ್ಪೆಂದು ಅವಳ ತುಟಿಗೆ ಕಚ್ಚಿಕೊಂಡಿತು.



“ಇದಾ… ಇದಾ ನಮ್ಮ ಹುಡುಗಿ!” ಹಾಗ್ಬಾರ್ತ್ ಅರಚಿದ. “ಬಹುಮಾನ ಆಮ್ಯಾಲ ಕೊಡು, ಇನ್ನೊಮ್ಮಿ ಅನ್ನು!”

“ತಡಿ ಅಜ್ಜಾ,” ಎಂದಳು ಸೂಲ್ರುನ್ ತುಟಿಯ ಸಂದಿಯಿಂದ, “ಚೆಂಡು ಬಾಯಿಗೆ ಅಂಟೇತಿ!”

ಆ ಮಾತು ಕೇಳಿ ಇಡೀ ದ್ವೀಪ ಮನೆಮನೆಯಲ್ಲೂ ಒಟ್ಟಿಗೆ ‘ಹೌದು’ ಎಂದು ಉಸಿರೆಳೆಯಿತು. ಆರೂವರೆಗೆ ಹೊರಟಿದ್ದ ಹಡಗು ಹತ್ತು ಮಾರು ಹಿಂದಕ್ಕೆ ಬಂದು ದಕ್ಕೆಗೆ ಗುದ್ದಿತು.

ಬೋರ್ಗಿಲ್ ಎದ್ದು ತನ್ನ ಮೂವತ್ತೊಂದು ವರ್ಷದ ದಿಂಬನ್ನು ಸೂಲ್ರುನ್‌ಳ ಕುರ್ಚಿಗೆ ತುರುಕಿದಳು.

“ಮುಂದಿನ ವಾರ ಕಿಟಕಿ ಚಿಲಕ ಹಾಕ್ಕೊಂಡು ಕೂಡು, ತಂಗಿ.”