ಹಸಿರು ರಬ್ಬರ್ ಬ್ಯಾಂಡು

ಟೈಲರ್ ಕೊಟ್ಟ ಕುರ್ಚಿಯನ್ನು, ಊಟದ ಡಬ್ಬಿ ಕಳಿಸುವ ಡಬ್ಬಿ ಅಕ್ಕ, ಹೆಣದಿಂದ ಆದಷ್ಟು ದೂರಕ್ಕೆ ಎಳೆದುಕೊಂಡಳು. ಕುರ್ಚಿಯ ಕಾಲು ಸಿಮೆಂಟಿನ ನೆಲದ ಮೇಲೆ ಕಿರ್ರೆಂದಿತು. ನಾಲ್ಕಾರು ಮುಖಗಳು ಅವಳ ಕಡೆ ತಿರುಗಿದವು. ಏನೋ ಗೊತ್ತಾಗಿಯೇ ತಿರುಗಿದರೇನೋ ಎಂದು ಅವಳು ಸೆರಗಿನಿಂದ ಹಣೆ ಒರೆಸಿಕೊಂಡಳು.

ಕಟ್ಟಡದ ಕೆಳಗೆ, ಗಾಡಿ ನಿಲ್ಲಿಸುವ ಜಾಗದಲ್ಲಿ, ಬಿಳಿ ಹೊದಿಕೆಯಡಿ ಲಿಫ್ಟಣ್ಣ ಮಲಗಿದ್ದ. ಐವತ್ತೆರಡು ವಯಸ್ಸು. ಲಿಫ್ಟ್ ರಿಪೇರಿ ಕೆಲಸ. ಹೆಂಡತಿಯನ್ನು ಊರಲ್ಲಿ ಬಿಟ್ಟು ಎರಡು ವರ್ಷದಿಂದ ಇದೇ ಕಟ್ಟಡದ ಮೂರನೇ ಮಹಡಿಯ ಒಂದು ಕೋಣೆಯಲ್ಲಿದ್ದ. ಹೆಂಡತಿ ಬೆಳಗಿನ ಬಸ್ಸಿಗೆ ಬಂದಿಳಿದು ಈಗ ಅವನ ತಲೆಯ ಬಳಿ ಕೂತಿದ್ದಳು. ಅಳುತ್ತಿರಲಿಲ್ಲ. ಗಂಡನ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಳು.

"ಊರಿಗೆಲ್ಲ ಲಿಫ್ಟ್ ಸರಿಮಾಡಿ, ತಾನು ಮಾತ್ರ ಮೆಟ್ಟಿಲು ಹತ್ತೋನು," ಎಂದ ವಾಚ್‌ಮನ್. "ಯಾಕಣ್ಣ ಅಂದ್ರೆ, ಅದರ ಹೊಟ್ಟೆಯೊಳಗೆ ಏನಿದೆ ಅಂತ ನಂಗೆ ಗೊತ್ತು ಕಣಯ್ಯ, ನಿಂಗೆ ಗೊತ್ತಿಲ್ಲ, ನೀನು ಆರಾಮಾಗಿ ಹೋಗು ಅನ್ನೋನು."

ಯಾರೋ ನಕ್ಕು, ನಗುವನ್ನು ಅರ್ಧಕ್ಕೇ ನುಂಗಿಕೊಂಡರು.

"ಡಾಕ್ಟ್ರು ಹಾರ್ಟು ಅಂದ್ರಂತೆ," ಎಂದ ಟೈಲರ್. ಅವನ ಅಂಗಡಿ ಅದೇ ಕಟ್ಟಡದ ಮುಂಭಾಗದಲ್ಲಿ. "ಈಗ ಎಲ್ಲದಕ್ಕೂ ಹಾರ್ಟೇ. ಇದ್ದಕ್ಕಿದ್ದಂಗೆ ಹೋದ್ರೆ ಇನ್ನೇನು ಬರೀತಾರೆ ಬಿಡಿ. ಅಲ್ವೇನಕ್ಕ?"

ಡಬ್ಬಿ ಅಕ್ಕ ತಲೆಯಾಡಿಸಿದಳು.

"ನೀವ್ಯಾಕೆ ಇಷ್ಟು ಬೆವರ್ತಿದೀರಿ? ಒಲೆ ಮುಂದೆ ನಿಂತೂ ನಿಂತೂ ಬಿಪಿ ಬಂದಿರುತ್ತೆ, ತೋರಿಸ್ಕೊಳ್ಳಿ." ಟೈಲರ್ ದನಿ ತಗ್ಗಿಸಿದ. "ಅಂದಹಾಗೆ, ನಿನ್ನೆ ಫೋನಲ್ಲಿ ಪಲ್ಯ ಸಪ್ಪೆ ಅಂದಿದ್ದಕ್ಕೆ ಬೇಜಾರಾಗಬೇಡಿ. ನಿಮ್ಮ ಕೈರುಚಿ ಗೊತ್ತಿರೋದಕ್ಕೇ ಹೇಳಿದ್ದು. ಡಬ್ಬಿಗೆ ಅದ್ಯಾಕೋ ಹಸಿರು ರಬ್ಬರ್ ಬ್ಯಾಂಡು ಬೇರೆ..."

"ಈಗ ಬೇಡ ಅಣ್ಣ," ಎಂದು ಅವಳು ಎದ್ದೇ ಬಿಟ್ಟಳು. "ಮೇಲೆ ನಮ್ಮ ಡಬ್ಬಿ ಉಳಿದಿದೆ, ತಗೊಂಡು ಬರ್ತೀನಿ."

ಹೆಣ ಮನೆ ಮುಂದಿರುವಾಗ ಡಬ್ಬಿಯ ಚಿಂತೆಯೇ ಇವಳಿಗೆ, ಎಂಬಂತೆ ವಾಚ್‌ಮನ್ ನೋಡಿದ. ನೋಡಿಕೊಳ್ಳಲಿ. ಆ ಡಬ್ಬಿ ಖಾಲಿಯಾಗಿದೆಯೋ ತುಂಬಿದೆಯೋ, ಅದೊಂದು ತಿಳಿಯದೆ ಅವಳ ಜೀವ ಬಾಯಿಗೆ ಬಂದಿತ್ತು.

* * *

ಹಸಿರು ಬ್ಯಾಂಡು ಶುರುವಾಗಿದ್ದು ಹನ್ನೊಂದು ದಿನದ ಹಿಂದೆ, ಲಿಫ್ಟಣ್ಣನ ಹೆಂಡತಿಯ ಒಂದು ಫೋನ್ ಕರೆಯಿಂದ.

"ತಿಂಗಳ ಊಟ ಮನೆಗೇ ಕಳಿಸೋರು ನೀವೇನಾ? ನಮ್ಮ ಮನೆಯವರಿಗೆ ಬೇಕಿತ್ತು. ಮಧ್ಯಾಹ್ನದ್ದು ಮಾತ್ರ. ಎರಡು ವರ್ಷ ಆಯ್ತು ಅಕ್ಕ, ಬ್ರೆಡ್ಡು, ಬಾಳೆಹಣ್ಣು, ಟೀ. ಕೇಳಿದ್ರೆ, ನಾನೇನು ಬಸುರಿಯಾ ಬಗೆಬಗೆ ತಿನ್ನೋಕೆ ಅಂತಾರೆ. ಒಂದು ತಿಂಗಳು ಕೊಟ್ಟು ನೋಡಿ. ಬೇಡ ಅಂದ್ರೂ ಕೊಡಿ."

"ಆಯ್ತಮ್ಮ. ಖಾರ ಹೇಗೆ?"

"ಖಾರ ನಡಿಯುತ್ತೆ. ಕಡಲೆಬೀಜ ಮಾತ್ರ ಮುಟ್ಟಿಸಬೇಡಿ. ಒಂದು ಕಾಳು ಹೋದ್ರೂ ಗಂಟಲು ಕಟ್ಕೊಂಡು ಮುಖ ನೀಲಿಗಟ್ಟುತ್ತೆ. ಮದುವೆಯಾದ ಹೊಸದರಲ್ಲಿ ಗೊತ್ತಿಲ್ದೆ ನಾನೇ ಒಂದ್ಸಲ ಹಾಕಿದ್ದೆ. ಅವತ್ತು ಆಸ್ಪತ್ರೆಯಲ್ಲಿ ಕೂತಿದ್ದು ಈಗಲೂ ಕನಸಲ್ಲಿ ಬರುತ್ತೆ. ನಿಮ್ಮ ಕೈಗೆ ಅವರನ್ನ ಒಪ್ಪಿಸ್ತಿದೀನಿ ಅಂದ್ಕೊಳ್ಳಿ."

ಡಬ್ಬಿ ಅಕ್ಕ ಒಪ್ಪಿಕೊಂಡಳು. ಅವಳ ಅಡುಗೆಮನೆಯಿಂದ ದಿನಾ ಮೂವತ್ತೊಂದು ಡಬ್ಬಿ ಹೊರಡುತ್ತಿದ್ದವು. ಲಿಫ್ಟಣ್ಣನ ಪಾಲನ್ನು ಮೊದಲು ಬೇರೆ ತೆಗೆದು, ಮುಚ್ಚಿ, ಹಸಿರು ಬ್ಯಾಂಡು ಹಾಕಿ, ಆಮೇಲೆಯೇ ಕಡಲೆಬೀಜದ ಪುಡಿಯನ್ನು ಕಪಾಟಿನಿಂದ ಇಳಿಸುವುದು ಅವಳ ಕ್ರಮ.

ನಾಲ್ಕನೇ ದಿನ ಖಾಲಿ ಡಬ್ಬಿಯೊಳಗೆ ಒಂದು ಚೀಟಿ ಬಂತು. ಗಾಡಿಯ ನಂಬರ್ ಪ್ಲೇಟಿನಂಥ ದಪ್ಪ ಅಕ್ಷರ. "ಅನ್ನ ಕಮ್ಮಿ ಹಾಕಿ. ಪಲ್ಯ ಜಾಸ್ತಿಯಾದರೆ ನನ್ನ ಅಭ್ಯಂತರವಿಲ್ಲ." ಅವಳು ಗಂಡನಿಗೆ ಓದಿ ಹೇಳಿ ನಕ್ಕಿದ್ದಳು. ಮುಚ್ಚಳದ ರಬ್ಬರ್ ರಿಂಗನ್ನೂ ಬಿಚ್ಚಿ, ಬೇರೆ ತೊಳೆದು, ಒಣಗಿಸಿ ಕಳಿಸುತ್ತಿದ್ದ ಗಿರಾಕಿ ಇವನೊಬ್ಬನೇ. ಬಿಚ್ಚಿ ಜೋಡಿಸುವ ಕೆಲಸದವನಲ್ಲವೇ.

* * *

ಕೋಣೆಯ ಬಾಗಿಲು ತೆರೆದೇ ಇತ್ತು. ಲಿಫ್ಟಣ್ಣನ ಜೊತೆ ಕೆಲಸ ಮಾಡುತ್ತಿದ್ದವನು ಮಂಚದ ಮೇಲೆ ಅಂಗಿಗಳನ್ನು ಮಡಚುತ್ತಿದ್ದ. ಎಲ್ಲರೂ ಅವನನ್ನು ಸ್ಪ್ಯಾನರ್ ಅನ್ನುತ್ತಿದ್ದರು. ನಲವತ್ತರ ಆಳು, ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

ಡಬ್ಬಿ ಕಿಟಕಿಯ ಕಟ್ಟೆಯ ಮೇಲಿತ್ತು. ತೊಳೆದು ಬೋರಲು ಹಾಕಿತ್ತು.

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ತೊಳೆದಿದೆ ಎಂದರೆ ಉಂಡಿದ್ದಾನೆ. ಉಂಡಿದ್ದಾನೆ ಎಂದರೆ...

* * *

ನಿನ್ನೆ ಬೆಳಿಗ್ಗೆ ಡಬ್ಬಿ ಮುಚ್ಚುವಾಗ ಹಸಿರು ಬ್ಯಾಂಡು ಪಟ್ಟೆಂದು ಹರಿದಿತ್ತು. ಇನ್ನೊಂದನ್ನು ಹುಡುಕಿ ತರುವಷ್ಟರಲ್ಲಿ ಕುಕ್ಕರು ಕೂಗಿತು. ಲಿಫ್ಟಣ್ಣನ ಡಬ್ಬಿಗೆ ಬ್ಯಾಂಡು ಹಾಕಿ, ಕುಕ್ಕರು ಇಳಿಸಿ, ಕಡಲೆಬೀಜದ ಪುಡಿ ಬೆರೆಸಿ ಟೈಲರನ ಡಬ್ಬಿಯನ್ನೂ ತುಂಬಿ, ಆ ಗಡಿಬಿಡಿಯಲ್ಲಿ ಇಬ್ಬರ ಹೆಸರಿನ ಚೀಟಿಗಳನ್ನು ಅದಲುಬದಲಾಗಿ ಅಂಟಿಸಿದ್ದಳು. ಎರಡೂ ಒಂದೇ ಕಟ್ಟಡಕ್ಕೆ, ಒಂದೇ ಚೀಲದಲ್ಲಿ ಹೋಗುವ ಡಬ್ಬಿಗಳು; ಹಂಚುವ ಗಂಡ ಹೆಸರು ನೋಡಿಯೇ ಕೊಡುತ್ತಿದ್ದ.

ಸಂಜೆ ಐದಕ್ಕೆ ಟೈಲರ್ ಫೋನು ಮಾಡಿ ಪಲ್ಯ ಸಪ್ಪೆ, ಡಬ್ಬಿಗೆ ಹಸಿರು ಬ್ಯಾಂಡು ಎಂದಾಗ ಅವಳಿಗೆ ಚೀಟಿಯ ತಪ್ಪು ಹೊಳೆಯಿತು. ಲಿಫ್ಟಣ್ಣನಿಗೆ ಮೂರು ಸಲ ಫೋನು ಮಾಡಿದಳು. ರಿಂಗಾಯಿತು. ಎತ್ತಲಿಲ್ಲ. ಗಂಡ ಗಾಡಿ ತೆಗೆದುಕೊಂಡು ಸಾಮಾನಿಗೆ ಹೋಗಿದ್ದ. ನಡೆದರೆ ಹತ್ತು ನಿಮಿಷ. ಚಪ್ಪಲಿಗೆ ಕಾಲನ್ನೂ ತೂರಿಸಿದಳು.

ಕೆಲಸದಲ್ಲಿರುತ್ತಾರೆ, ಲಿಫ್ಟಿನ ಗುಂಡಿಯಲ್ಲಿ ಫೋನು ಕೇಳಿಸುವುದಿಲ್ಲ ಎಂದುಕೊಂಡಳು. ಒಂದು ಗಂಟೆಗೇ ಉಂಡಿದ್ದರೆ ಆಗಬೇಕಾದ್ದು ಇಷ್ಟು ಹೊತ್ತಿಗೆ ಆಗಿಹೋಗಿರುತ್ತದೆ ಎಂದೂ ಒಂದು ಯೋಚನೆ ಬಂತು. ಅದು ಬಂದದ್ದೇ ಹೊಸ್ತಿಲಲ್ಲೇ ನಿಂತಳು. ಬಾಗಿಲು ತಟ್ಟಿ, ಒಳಗಿನಿಂದ ಉತ್ತರ ಬರದಿದ್ದರೆ? ಚಪ್ಪಲಿ ಬಿಟ್ಟು ಒಳಗೆ ಹೋಗಿ ಅನ್ನ ಬಸಿದಳು.

* * *

"ಅಕ್ಕ, ಬಾಗಿಲು ಸ್ವಲ್ಪ ಮುಂದೆ ಮಾಡಿ," ಎಂದ ಸ್ಪ್ಯಾನರ್. "ಒಂದು ಮಾತು ಹೇಳ್ತೀನಿ. ಅತ್ತಿಗೆ ಕಿವಿಗೆ ಬೀಳಬಾರದು."

"ಏನಪ್ಪ?"

"ಆ ಡಬ್ಬಿ ಅಣ್ಣ ತಿನ್ಲಿಲ್ಲ. ನಾನು ತಿಂದೆ."

ಅವಳು ಡಬ್ಬಿಯ ಕಡೆ ನೋಡಿದಳು.

"ಒಂದು ಗಂಟೆಗೆ ಇಬ್ಬರೂ ಊಟಕ್ಕೆ ಅಂತ ಇಲ್ಲಿಗೆ ಬಂದ್ವಿ. ಎದೆ ಉರೀತಿದೆ, ಗ್ಯಾಸು ಕಣೋ ಅಂದ್ರು. ನಿನ್ನ ಬ್ರೆಡ್ಡು ಆ ಕಡೆ ಇಡು, ಇದನ್ನ ತಿನ್ನು, ಚೆನ್ನಾಗಿ ತೊಳೆದಿಡು, ಇಲ್ಲಾಂದ್ರೆ ಡಬ್ಬಿ ಅಕ್ಕನ ಹತ್ರ ನನ್ನ ಮರ್ಯಾದೆ ಹೋಗುತ್ತೆ ಅಂದ್ರು. ನಾನು ತಿಂತಾ ಇದ್ದೆ. ಅವರು ಗೋಡೆಗೆ ಒರಗಿ, ಊಟ ಆಯ್ತು ಅಂತ ಅತ್ತಿಗೆಗೆ ಮೆಸೇಜು ಹಾಕ್ತಿದ್ರು." ಅವನು ಮಡಚಿದ ಅಂಗಿಯನ್ನು ಮತ್ತೆ ಬಿಚ್ಚಿದ. "ನಾನೊಬ್ಬ ದಡ್ಡ. ಇವತ್ತು ಪಲ್ಯ ಏನು ರುಚಿ ಅಣ್ಣ ಅಂತ ಬೆರಳು ನೆಕ್ಕಿದೆ. ಆಸ್ಪತ್ರೆಗೆ ಹೋಗೋಣ ಅನ್ನೋ ಬುದ್ಧಿ ಬರ್ಲಿಲ್ಲ."

ತಿನ್ನಲಿಲ್ಲ. ಡಬ್ಬಿ ಅಕ್ಕನ ಎದೆಯ ಮೇಲಿನ ಕಲ್ಲು ಜಾರಿತು. ಅವಳು ಅಲ್ಲೇ ನೆಲದ ಮೇಲೆ ಕೂತಳು. ತೊಳೆದ ಡಬ್ಬಿಯ ಮುಚ್ಚಳದಲ್ಲಿ ರಬ್ಬರ್ ರಿಂಗು ಇದ್ದ ಹಾಗೇ ಇರುವುದು ಆಗ ಕಾಣಿಸಿತು.

"ಅವರನ್ನ ಇಲ್ಲೇ ಮಲಗಿಸಿ ಹೋದೋನು, ಕೆಲಸ ಮುಗಿಸಿ ಬಂದಿದ್ದು ಏಳಕ್ಕೆ," ಎಂದ ಸ್ಪ್ಯಾನರ್. "ಆರು ಗಂಟೆ ಹೊತ್ತಿಗೆ ಹೋಗಿರಬೇಕು ಅಂದ್ರು ಡಾಕ್ಟ್ರು."

"ಆರಕ್ಕಾ?"

"ಹೂಂ. ಐದಕ್ಕೆ, ಐದೂವರೆಗೆ ಯಾರಾದ್ರೂ ಬಂದು ಬಾಗಿಲು ತಟ್ಟಿದ್ರೂ..."

ಜಾರಿದ ಕಲ್ಲು ಬೇರೆಲ್ಲೂ ಹೋಗಿರಲಿಲ್ಲ; ಹೊಟ್ಟೆಗಿಳಿದು ಕೂತಿತ್ತು.

ಅಷ್ಟರಲ್ಲಿ ಅವಳ ಕೈಚೀಲದಲ್ಲಿ ಫೋನು ಬಡಿದುಕೊಂಡಿತು. ಹೊರಗೆ ತೆಗೆದಳು. ಪರದೆಯ ಮೇಲೆ ಲಿಫ್ಟಣ್ಣನ ಹೆಸರಿತ್ತು.

ಸ್ಪ್ಯಾನರ್ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಗುಂಡಿ ಒತ್ತಿ ಕಿವಿಗಿಟ್ಟಳು.

"ನಾನು ಅವರ ಹೆಂಡತಿ," ಎಂದಿತು ಒಂದು ಹೆಣ್ಣುದನಿ. "ಎಲ್ಲಿದೀರಿ ನೀವು?"

* * *

ಕೆಳಗೆ ಅವಳು ಬರುವುದನ್ನೇ ಎಲ್ಲರೂ ನೋಡುತ್ತಿದ್ದರು. ಹೆಂಡತಿ ಪಕ್ಕದ ಕುರ್ಚಿಯನ್ನು ತೋರಿಸಿದಳು.

"ನಿಮ್ಮ ದನಿ ಮಾತ್ರ ಗೊತ್ತಿತ್ತು. ಕೂತ್ಕೊಳ್ಳಿ ಅಕ್ಕ. ಇದರಲ್ಲಿ ನಿನ್ನೆ ಐದು ಗಂಟೆಗೆ ನಿಮ್ಮವು ಮೂರು ಕರೆ ಇವೆ. ಬೇರೆ ಯಾರೂ ಮಾಡಿಲ್ಲ. ನಾನೂ ಮಾಡಿಲ್ಲ. ಊಟ ಆಯ್ತು ಅಂತ ಮೆಸೇಜು ಬಂದಿತ್ತಲ್ಲ, ನಿಶ್ಚಿಂತೆಯಾಗಿದ್ದೆ. ನೀವು ಯಾಕೆ ಮಾಡಿದ್ರಿ?"

ನಾಳೆಗೆ ಏನು ಅಡುಗೆ ಮಾಡಲಿ ಅಂತ ಕೇಳೋಕೆ. ಆ ಉತ್ತರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಹೇಳಿದ್ದರೆ ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಟೈಲರನೂ ಅರ್ಥವಾಗದೆ ಮರೆಯುತ್ತಿದ್ದ. ಡಬ್ಬಿ ಅಕ್ಕ ಎದುರಿನವಳ ಕಣ್ಣು ನೋಡಿದಳು. ಬಸ್ಸಿನಲ್ಲಿ ರೆಪ್ಪೆ ಮುಚ್ಚದ ಕಣ್ಣು.

"ಡಬ್ಬಿ ಅದಲುಬದಲು ಮಾಡಿದ್ದೆ ಅಮ್ಮ. ಇವರಿಗೆ ಹೋದದ್ದರಲ್ಲಿ ಕಡಲೆಬೀಜ ಇತ್ತು."

ಹೆಂಡತಿ ಫೋನನ್ನು ಮಡಿಲಿಗಿಟ್ಟಳು. ಹಿಂದಿನಿಂದ ಸ್ಪ್ಯಾನರ್ ಬಂದು ನಿಂತ.

"ಅತ್ತಿಗೆ, ಅಣ್ಣ ಅದನ್ನ ಮುಟ್ಲಿಲ್ಲ. ಎದೆ ಉರಿ ಅಂತ ನಂಗೆ ಕೊಟ್ರು. ನಾನು ತಿಂದೆ. ಆಣೆ ಮಾಡಿ ಹೇಳ್ತೀನಿ."

"ಹಾಗಾದ್ರೆ ಹಸ್ಕೊಂಡೇ ಹೋದ್ರಾ?"

ಅವಳು ಬಿಳಿ ಹೊದಿಕೆಯ ಅಂಚನ್ನು ಸರಿಪಡಿಸಿದಳು. ಮತ್ತೊಮ್ಮೆ ಸರಿಪಡಿಸಿದಳು. ಆಮೇಲೆ ತಿರುಗದೆಯೇ ಕೇಳಿದಳು.

"ಫೋನು ಎತ್ತದೆ ಇದ್ದಾಗ ನೀವೇನು ಮಾಡಿದ್ರಿ?"

"ಅನ್ನ ಬಸಿದೆ."

"ನಿಮ್ಮ ಮನೆ ಎಷ್ಟು ದೂರ?"

"ನಡೆದ್ರೆ ಹತ್ತು ನಿಮಿಷ."

ಹೆಂಡತಿ ತಲೆಯಾಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಂಡೆ ಎಂದುಕೊಳ್ಳುತ್ತಿದ್ದಳು ಡಬ್ಬಿ ಅಕ್ಕ.

ವ್ಯಾನು ಬಂತು. ಗಂಡಸರು ಹೆಣವನ್ನೆತ್ತಿ ಒಳಗಿಟ್ಟರು. ಹೆಂಡತಿ ಎದ್ದವಳು ಡಬ್ಬಿ ಅಕ್ಕನ ಮಣಿಕಟ್ಟನ್ನು ಹಿಡಿದಳು.

"ಹತ್ತಿ."

"ನಾನ್ಯಾಕಮ್ಮ, ನೀವು ಮನೆಯವರು..."

"ಇಲ್ಲಿ ನಂಗೆ ಗೊತ್ತಿರೋ ಹೆಂಗಸು ನೀವೊಬ್ಬರೇ. ಹತ್ತಿ."

ಒಳಗಿನ ಬೆಂಚು ಇಬ್ಬರಿಗೆ ಸಾಲುವಷ್ಟೇ ಇತ್ತು. ಮಂಡಿಗೆ ಹೊದಿಕೆ ತಾಗುತ್ತಿತ್ತು. ಬಾಗಿಲು ಮುಚ್ಚಿತು. ಹಿಡಿದ ಕೈ ಬಿಗಿಯಾಗಲೂ ಇಲ್ಲ, ಸಡಿಲವಾಗಲೂ ಇಲ್ಲ. ನಾಡಿ ನೋಡುವವರ ಹಾಗೆ ಇದ್ದಲ್ಲೇ ಇತ್ತು.

"ದಾರಿಯಲ್ಲಿ ನಿಮ್ಮ ಮನೆ ಬಂದ್ರೆ ತೋರಿಸಿ," ಎಂದಳು ಹೆಂಡತಿ.

ವ್ಯಾನು ಮೊದಲ ತಿರುವು ದಾಟಿತು. ಎರಡನೆಯದು ದಾಟಿದರೆ ಅಡುಗೆಮನೆಯ ಕಿಟಕಿ ಕಾಣುತ್ತದೆ. ಪಕ್ಕದಲ್ಲಿ ಹೆಂಡತಿ ಗಾಜಿಗೆ ಹಣೆಯಿಟ್ಟು, ಹಾದುಹೋಗುವ ಒಂದೊಂದು ಮನೆಯನ್ನೂ ನೋಡುತ್ತಿದ್ದಳು.